ಝಡ್ ಡ್ರೈವ್ ದಿನಾ ಪಾಸ್‌ವರ್ಡ್ ಕೇಳುತ್ತಿತ್ತು: ಒಂದು ಆಡಿಟರ್ ಆಫೀಸಿನ ಪ್ರಕರಣ

ದಾವಣಗೆರೆಯ ಒಂದು ಸಣ್ಣ ಆಡಿಟರ್ ಆಫೀಸು. ಕಂಪ್ಯೂಟರ್ ನಾಲ್ಕು. ಅವುಗಳಲ್ಲಿ ಒಂದಕ್ಕೆ ಎಲ್ಲರೂ ‘ಸರ್ವರ್’ ಅನ್ನುತ್ತಾರೆ. ನಿಜಕ್ಕೂ ಅದು ವಿಂಡೋಸ್ 11 ಪ್ರೊ ಹಾಕಿದ ಸಾಮಾನ್ಯ ಡೆಸ್ಕ್‌ಟಾಪ್. ಹಿರಿಯ ಅಕೌಂಟೆಂಟ್ ಒಬ್ಬರು ಅದರ ಮುಂದೆಯೇ ಕೂತು ಕೆಲಸ ಮಾಡುತ್ತಾರೆ. ಟ್ಯಾಲಿ ಅನ್ನುವ ಲೆಕ್ಕದ ಸಾಫ್ಟ್‌ವೇರಿನ ಡೇಟಾ ಇರುವ ಫೋಲ್ಡರ್ ಅದರಲ್ಲಿದೆ. ಉಳಿದ ಮೂರು ಕಂಪ್ಯೂಟರ್‌ಗಳಲ್ಲಿ ಆ ಫೋಲ್ಡರನ್ನು ಝಡ್ ಡ್ರೈವ್ ಅಂತ ಮ್ಯಾಪ್ ಮಾಡಿದ್ದಾರೆ, ಅಂದರೆ ಆಯಾ ಕಂಪ್ಯೂಟರಿನದೇ ಡ್ರೈವ್ ಅನ್ನುವಂತೆ ಜೋಡಿಸಿದ್ದಾರೆ. ನಮ್ಮೂರುಗಳ ಸಣ್ಣ ಆಫೀಸುಗಳಲ್ಲಿ ಇದೇ ರೂಢಿ. ವಿಂಡೋಸ್ ಪ್ರೊ ಒಂದೇ ಹೊತ್ತಿಗೆ 20 ಸಂಪರ್ಕಗಳವರೆಗೆ ಬಿಡುತ್ತದೆ, ಹಾಗಾಗಿ ಇಷ್ಟು ಜನಕ್ಕೆ ಧಾರಾಳವಾಗಿ ಸಾಕು.

ತೊಂದರೆ ಶುರುವಾಗಿದ್ದು ನಾಲ್ಕನೆಯ ಕಂಪ್ಯೂಟರ್ ಬಂದ ಮೇಲೆ. ಬೆಳಿಗ್ಗೆ ಆನ್ ಮಾಡಿದರೆ ಮೂಲೆಯಲ್ಲಿ ಒಂದು ಸೂಚನೆ: ಎಲ್ಲ ನೆಟ್‌ವರ್ಕ್ ಡ್ರೈವ್‌ಗಳನ್ನು ಮತ್ತೆ ಜೋಡಿಸಲು ಆಗಲಿಲ್ಲ. ‘ದಿಸ್ ಪಿಸಿ’ ತೆರೆದರೆ ಝಡ್ ಮೇಲೆ ಕೆಂಪು ಇಂಟು ಗುರುತು. ಡಬಲ್ ಕ್ಲಿಕ್ ಮಾಡಿದರೆ ಹೆಸರು, ಪಾಸ್‌ವರ್ಡ್ ಕೇಳುವ ಕಿಟಕಿ. ಒಮ್ಮೆ ಹಾಕಿದರೆ ಸಂಜೆಯವರೆಗೆ ತಕರಾರಿಲ್ಲ. ಮಾರನೇ ದಿನ ಮತ್ತೆ ಅದೇ ಗೋಳು. ಝಡ್ ತೆರೆಯದೆ ನೇರವಾಗಿ ಟ್ಯಾಲಿಗೆ ಹೋದರೆ ಕಂಪನಿಗಳ ಪಟ್ಟಿಯೇ ಖಾಲಿ. ಮೊದಲ ದಿನ ‘ಡೇಟಾ ಎಲ್ಲಾ ಹೋಯ್ತು’ ಅಂತ ಗಾಬರಿಯೂ ಆಗಿತ್ತಂತೆ. ಜಿಎಸ್‌ಟಿಆರ್-3ಬಿ ಅನ್ನುವ ತಿಂಗಳ ಜಿಎಸ್‌ಟಿ ರಿಟರ್ನ್ ಹಾಕಬೇಕಾದ 20ನೇ ತಾರೀಖು ಹತ್ತಿರ ಇದ್ದಾಗ ಖಾಲಿ ಪಟ್ಟಿ ಕಂಡರೆ ಯಾರಿಗಾದರೂ ಎದೆ ಧಸಕ್ ಅನ್ನುತ್ತದೆ.

ನಾನು ಹೋದಾಗ ಮಾನಿಟರ್ ಅಂಚಿಗೆ ಒಂದು ಹಳದಿ ಚೀಟಿ ಅಂಟಿಸಿತ್ತು. ಅದರ ಮೇಲೆ ದಪ್ಪ ಅಕ್ಷರದಲ್ಲಿ ಸರ್ವರ್ ಪಾಸ್‌ವರ್ಡ್. ಬಾಗಿಲ ಕಡೆಯಿಂದ ಬರುವ ಕ್ಲೈಂಟ್‌ಗಳಿಗೆ ಮೊದಲು ಕಾಣುವುದೇ ಆ ಚೀಟಿ.

“ಏನ್ ಮಾಡೋದು ಸರ್, ದಿನಾ ಕೇಳುತ್ತೆ. ನೆನಪಿರಲ್ಲ, ಅಂಟಿಸಿಬಿಟ್ಟೆ” ಅಂದರು ಆ ಸೀಟಿನ ಹುಡುಗಿ. ಅವರನ್ನು ಬೈಯಲು ಆಗುತ್ತದೆಯೇ?

ನನಗಿಂತ ಮೊದಲು ಬೇರೆಯವರು ಕೈಯಾಡಿಸಿದ್ದರು. ಡ್ರೈವನ್ನು ಕಿತ್ತು ಮತ್ತೆ ಮ್ಯಾಪ್ ಮಾಡಿದ್ದರು, ‘ರೀಕನೆಕ್ಟ್ ಅಟ್ ಸೈನ್-ಇನ್’ ಅನ್ನುವ ಕಡೆ ಟಿಕ್ ಹಾಕಿದ್ದರು. ಅದರಿಂದ ಏನೂ ಆಗಲಿಲ್ಲ. ಆಗುವುದೂ ಇಲ್ಲ. ಆ ಟಿಕ್ ನೆನಪಿಟ್ಟುಕೊಳ್ಳುವುದು ಡ್ರೈವ್ ಅಕ್ಷರ, ಫೋಲ್ಡರ್‌ನ ದಾರಿ, ಜಾಸ್ತಿ ಅಂದರೆ ಬಳಕೆದಾರನ ಹೆಸರು. ಇವು ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಡುವ ರಿಜಿಸ್ಟ್ರಿಯಲ್ಲಿ ಆಯಾ ಬಳಕೆದಾರನ ‘ನೆಟ್‌ವರ್ಕ್’ ಕೀಯ ಕೆಳಗೆ ಕೂರುತ್ತವೆ. ಪಾಸ್‌ವರ್ಡ್ ಅಲ್ಲಿಗೆ ಬರುವುದೇ ಇಲ್ಲ. ಅದರ ಜಾಗ ಕ್ರೆಡೆನ್ಶಿಯಲ್ ಮ್ಯಾನೇಜರ್, ಹೆಸರು, ಪಾಸ್‌ವರ್ಡ್‌ಗಳನ್ನು ವಿಂಡೋಸ್ ಬೀಗ ಹಾಕಿ ಇಡುವ ಕಪಾಟು. ಕೆಂಪು ಇಂಟು ಹಾಕಿಕೊಂಡಾದರೂ ಝಡ್ ಅಲ್ಲೇ ಇತ್ತಲ್ಲ, ಅಂದರೆ ಡ್ರೈವ್‌ನ ನೆನಪು ಗಟ್ಟಿಯಾಗಿತ್ತು. ಕೈಕೊಟ್ಟಿದ್ದು ಇನ್ನೊಂದು ನೆನಪು.

ಆಮೇಲೆ ಯಾರೋ ಸ್ಟಾರ್ಟ್‌ಅಪ್ ಫೋಲ್ಡರ್‌ನಲ್ಲಿ ಲಾಗಿನ್ ಆದ ಕೂಡಲೇ ತಾನಾಗಿ ಓಡುವ ಒಂದು ಬ್ಯಾಚ್ ಫೈಲ್ ಇಟ್ಟಿದ್ದರು. ಝಡ್ ಡ್ರೈವ್ ಜೋಡಿಸುವ ಒಂದೇ ಸಾಲಿನ ‘ನೆಟ್ ಯೂಸ್’ ಕಮಾಂಡ್. ಅದರೊಳಗೆ ಹೆಸರು, ಪಾಸ್‌ವರ್ಡ್ ಎರಡೂ ಬಿಚ್ಚುಬಿಚ್ಚಾಗಿ. ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಯಾರಾದರೂ ಓದಬಹುದು. ಅದೂ ನೆಟ್ಟಗೆ ಓಡುತ್ತಿರಲಿಲ್ಲ. ಈ ಕಂಪ್ಯೂಟರ್ ವೈಫೈ ಮೇಲಿದೆ. ವೈಫೈ ಹತ್ತುವ ಮೊದಲೇ ಫೈಲ್ ಓಡಿಬಿಟ್ಟರೆ ಕಪ್ಪು ಕಿಟಕಿ ಒಂದು ಕ್ಷಣ ಮಿಂಚಿ ಮಾಯ. ಅದರಲ್ಲಿ ಬಂದ ಎರರ್ 53, ಅಂದರೆ ‘ದಾರಿ ಸಿಗಲಿಲ್ಲ’ ಎನ್ನುವುದು, ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಕೊನೆಗೆ ‘ವಿಂಡೋಸ್ ಹೊಸದಾಗಿ ಹಾಕಿಬಿಡೋಣ’ ಅನ್ನುವ ಸಲಹೆಯೂ ಬಂದಿತ್ತು. ನಮ್ಮ ಕಡೆ ಕಂಪ್ಯೂಟರ್‌ಗೆ ಏನೇ ಆದರೂ ಕೊನೆಗೆ ಸಿಗುವ ಮದ್ದು ಅದೇ ಅಲ್ವಾ.

ಉಳಿದವಕ್ಕೆ ಇಲ್ಲದ್ದು ಇದಕ್ಕೇಕೆ?

ಆಡಿಟರ್ ಸರ್ ಮೊದಲು ಕೇಳಿದ್ದು ಇದನ್ನೇ. “ಹಳೆಯ ಎರಡೂ ಸರಿಯಾಗಿ ನೆನಪಿಟ್ಟುಕೊಳ್ತಾವಲ್ರೀ. ಹೊಸದಕ್ಕೇನು ರೋಗ?”

ಪ್ರಶ್ನೆ ನ್ಯಾಯವಾಗಿದೆ. ಆದರೆ ಹಳೆಯ ಎರಡನ್ನೂ ತೆರೆದು ನೋಡಿದರೆ ಬೇರೆ ಚಿತ್ರ ಸಿಕ್ಕಿತು. ಒಂದರಲ್ಲಿ ಸರ್ವರ್ ಪಾಸ್‌ವರ್ಡ್ ಉಳಿದೇ ಇರಲಿಲ್ಲ. ಕ್ರೆಡೆನ್ಶಿಯಲ್ ಮ್ಯಾನೇಜರ್‌ನಲ್ಲಿ ಸರ್ವರ್ ಹೆಸರಿನ ಎಂಟ್ರಿಯೇ ಇಲ್ಲ. ಆದರೂ ಝಡ್ ಆರಾಮವಾಗಿ ತೆರೆಯುತ್ತಿತ್ತು. ಕಾರಣ ಇಷ್ಟೇ: ಆ ಕಂಪ್ಯೂಟರ್‌ಗೆ ಲಾಗಿನ್ ಆಗುವ ಲೋಕಲ್ ಅಕೌಂಟ್‌ನ ಹೆಸರು ‘ಆಫೀಸ್’. ಸರ್ವರ್‌ನಲ್ಲಿರುವ ಅಕೌಂಟ್ ಕೂಡ ‘ಆಫೀಸ್’. ಎರಡಕ್ಕೂ ಪಾಸ್‌ವರ್ಡ್ ಒಂದೇ. ಇಂಥ ಕಡೆ ವಿಂಡೋಸ್ ಮೊದಲು ತಾನು ಲಾಗಿನ್ ಆಗಿರುವ ಹೆಸರು, ಪಾಸ್‌ವರ್ಡಿನಿಂದಲೇ ಸರ್ವರ್ ಬಾಗಿಲು ತಟ್ಟುತ್ತದೆ. ಹೊಂದಿಕೆಯಾದರೆ ಯಾರನ್ನೂ ಏನನ್ನೂ ಕೇಳುವುದಿಲ್ಲ. ಹಾಗಾಗಿ ಆ ಕಂಪ್ಯೂಟರ್ ಯಾವತ್ತೂ ಪಾಸ್‌ವರ್ಡ್ ನೆನಪಿಟ್ಟುಕೊಂಡಿದ್ದೇ ಇಲ್ಲ. ನೆನಪಿಡುವ ಪ್ರಸಂಗವೇ ಬಂದಿರಲಿಲ್ಲ. ಇನ್ನೊಂದರಲ್ಲಿ ಮಾತ್ರ ನಿಜವಾದ ಎಂಟ್ರಿ ಇತ್ತು, ಯಾರೋ ಹಿಂದೆ ಉಳಿಸಿಟ್ಟದ್ದು.

ಹೊಸ ಕಂಪ್ಯೂಟರ್‌ನಲ್ಲಿ ಮೈಕ್ರೋಸಾಫ್ಟ್ ಅಕೌಂಟ್, ಅದಕ್ಕೊಂದು ಪಿನ್. “ನಾನು ಪಿನ್ ಹಾಕ್ತೀನಿ, ಅವರೆಲ್ಲ ಪಾಸ್‌ವರ್ಡ್ ಹಾಕ್ತಾರೆ. ಅದಕ್ಕೇನಾ ಸರ್?” ಅಂದರು ಆ ಹುಡುಗಿ. ಅರ್ಧ ಸರಿ. ಪಿನ್ ಆ ಒಂದು ಕಂಪ್ಯೂಟರ್‌ಗೆ ಮಾತ್ರ ಸೇರಿದ್ದು, ನೆಟ್‌ವರ್ಕ್ ಮೇಲೆ ಅದು ನಡೆಯುವುದಿಲ್ಲ. ಮೈಕ್ರೋಸಾಫ್ಟ್ ಅಕೌಂಟ್‌ನ ಹೆಸರು ಸರ್ವರ್‌ಗೆ ಗೊತ್ತಿಲ್ಲ. ಹಾಗಾಗಿ ಪಾಸ್‌ವರ್ಡ್ ‘ಕೇಳುವುದಕ್ಕೆ’ ಅದು ಕಾರಣ. ದಿನಾ ‘ಮರೆಯುವುದಕ್ಕೆ’ ಕಾರಣ ಬೇರೆ ಇರಬೇಕು.

ಇಲ್ಲಿ ನನ್ನದೊಂದು ಅಭಿಪ್ರಾಯ ಹೇಳಿಬಿಡುತ್ತೇನೆ. ‘ಕಂಪ್ಯೂಟರ್ ಪಾಸ್‌ವರ್ಡ್ ನೆನಪಿಟ್ಟುಕೊಳ್ತಿಲ್ಲ’ ಅನ್ನುವ ಒಂದೇ ದೂರಿನ ಒಳಗೆ ಮೂರು ಬೇರೆ ಬೇರೆ ಕಾಯಿಲೆಗಳಿವೆ. ಉಳಿಸುತ್ತಲೇ ಇಲ್ಲ. ಉಳಿಸುತ್ತದೆ, ಆದರೆ ಕಳೆದುಕೊಳ್ಳುತ್ತದೆ. ಉಳಿಸಿ ಜೋಪಾನವಾಗಿಯೂ ಇಟ್ಟಿದೆ, ಆದರೆ ಬಳಸುತ್ತಿಲ್ಲ. ಈ ಮೂರರಲ್ಲಿ ಯಾವುದು ಅಂತ ಗೊತ್ತಾಗದೆ ಕೈ ಹಾಕಿದರೆ ಸುಮ್ನೆ ಒದ್ದಾಟ. ಗೊತ್ತುಮಾಡಿಕೊಳ್ಳಲು ರೀಸ್ಟಾರ್ಟ್ ಕೂಡ ಬೇಡ. ಪಾಸ್‌ವರ್ಡ್ ಹಾಕಿ, ಡ್ರೈವ್ ತೆರೆದ ಮೇಲೆ, ಕಂಪ್ಯೂಟರ್ ಆಫ್ ಮಾಡುವ ಮೊದಲೇ ಪಟ್ಟಿ ತೆಗೆದು ನೋಡಬೇಕು.

ಪಟ್ಟಿಯಲ್ಲಿ ಇಲ್ಲವೇ ಇಲ್ಲ

ಪಾಸ್‌ವರ್ಡ್ ಕಿಟಕಿಯಲ್ಲಿ ಟಿಕ್ ಹಾಕಿದ್ರೋ ಇಲ್ವೋ ಅನ್ನುವ ವಾದಕ್ಕೆ ನಾನು ಹೋಗಲಿಲ್ಲ. ಅದನ್ನು ಕೇಳಿದರೆ ಯಾರಾದರೂ ‘ಹಾಕಿದೀನಿ’ ಅಂತಲೇ ಹೇಳುತ್ತಾರೆ. ನೇರ ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ, ಕ್ರೆಡೆನ್ಶಿಯಲ್ ಮ್ಯಾನೇಜರ್ ತೆರೆದು, ‘ವಿಂಡೋಸ್ ಕ್ರೆಡೆನ್ಶಿಯಲ್ಸ್’ ಒತ್ತಿದೆ. ಆ ಪುಟದಲ್ಲಿ ಭಾಗಗಳಿವೆ. ಮೇಲಿನದು ವಿಂಡೋಸ್ ಕ್ರೆಡೆನ್ಶಿಯಲ್ಸ್, ಇನ್ನೊಂದು ಜೆನೆರಿಕ್ ಕ್ರೆಡೆನ್ಶಿಯಲ್ಸ್. ಜೆನೆರಿಕ್ ಭಾಗದಲ್ಲಿ ಮೈಕ್ರೋಸಾಫ್ಟ್ ಅಕೌಂಟ್‌ಗೆ ಸಂಬಂಧಿಸಿದ ಎಂಟ್ರಿಗಳು, ‘ವರ್ಚುವಲ್‌ಆಪ್ ಡಿಡ್‌ಲಾಜಿಕಲ್’ ಅನ್ನುವ ವಿಚಿತ್ರ ಹೆಸರಿನದೂ ಸೇರಿ, ಇದ್ದವು. ಆ ಹೆಸರು ನೋಡಿ ವೈರಸ್ ಅಂತ ಹೆದರುವವರಿದ್ದಾರೆ. ಅದು ಮೈಕ್ರೋಸಾಫ್ಟ್‌ನದೇ, ಅದರ ಪಾಡಿಗೆ ಬಿಡಿ. ಮೇಲಿನ ಭಾಗ ಮಾತ್ರ ಖಾಲಿ. ಝಡ್ ಡ್ರೈವ್ ಪಕ್ಕದ ಕಿಟಕಿಯಲ್ಲಿ ತೆರೆದುಕೊಂಡಿದೆ, ಫೈಲ್‌ಗಳು ಕಾಣುತ್ತಿವೆ, ಆದರೆ ಪಟ್ಟಿಯಲ್ಲಿ ಸರ್ವರ್‌ನ ಸುಳಿವಿಲ್ಲ. ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ಸಿಎಂಡಿಕೀ’ ಕಮಾಂಡ್‌ಗೆ ‘ಲಿಸ್ಟ್’ ಸೇರಿಸಿ ಓಡಿಸಿದರೂ ಅದೇ ಉತ್ತರ.

ಅಂದರೆ ಮೊದಲ ಕಾಯಿಲೆ. ಉಳಿಸುತ್ತಲೇ ಇಲ್ಲ.

ಒಂದು ವೇಳೆ ಈಗ ಎಂಟ್ರಿ ಕಂಡು, ರೀಸ್ಟಾರ್ಟ್ ಆದ ಮೇಲೆ ಮಾಯವಾಗಿದ್ದರೆ ನಾನು ಬೇರೆ ದಾರಿ ಹಿಡಿಯುತ್ತಿದ್ದೆ. ಆ ದಾರಿಯಲ್ಲಿ ಹೆಸರುವಾಸಿಯಾದ ಒಂದು ಪ್ರಕರಣ 2020ರದ್ದು. ವಿಂಡೋಸ್ 10ರ 2004 ಆವೃತ್ತಿ ಹಾಕಿಕೊಂಡ ಅನೇಕರಿಗೆ ಔಟ್‌ಲುಕ್, ಕ್ರೋಮ್ ಮುಂತಾದವು ಪದೇ ಪದೇ ಲಾಗಿನ್ ಕೇಳತೊಡಗಿದವು. ಜನ ಕ್ರೋಮ್ ತೆಗೆದು ಹಾಕಿದರು, ಔಟ್‌ಲುಕ್ ಪ್ರೊಫೈಲ್ ಅಳಿಸಿದರು. ಮೂಲ ಎಲ್ಲೋ ಇತ್ತು: ಟಾಸ್ಕ್ ಶೆಡ್ಯೂಲರ್‌ನಲ್ಲಿ ‘ಪಾಸ್‌ವರ್ಡ್ ಉಳಿಸದೆ ಓಡಿಸು’ ಅಂತ ಗುರುತು ಹಾಕಿದ ಕೆಲವು ಕೆಲಸಗಳು. ಎಸ್4ಯು ಅನ್ನುವ ಬಗೆಯವು. ಇವು ಓಡಿದಾಗ ಬಳಕೆದಾರನ ಗುಟ್ಟಿನ ಕೀಲಿಯನ್ನು ವಿಂಡೋಸ್ ಬಳಸಲು ಆಗದಂತೆ ಆಗುತ್ತಿತ್ತು. ಅಂಥ ಕೆಲಸಗಳನ್ನು ಪವರ್‌ಶೆಲ್‌ನಿಂದ ಹುಡುಕಿ ನಿಲ್ಲಿಸಿ ಅಂತ ಮೈಕ್ರೋಸಾಫ್ಟ್ ತಾತ್ಕಾಲಿಕ ಉಪಾಯ ಕೊಟ್ಟಿತು. ಪೂರ್ತಿ ಪರಿಹಾರ ಅಪ್‌ಡೇಟ್ ಆಗಿ ಬಂದದ್ದು 2021ರ ಆರಂಭದಲ್ಲಿ.

ಕಳೆದುಕೊಳ್ಳುವ ಕಾಯಿಲೆಗೆ ಇನ್ನೊಂದು ಮಾಮೂಲಿ ಕಾರಣ ಪಾಸ್‌ವರ್ಡ್ ರೀಸೆಟ್. ವಿಂಡೋಸ್ ಉಳಿಸಿದ ಪಾಸ್‌ವರ್ಡ್‌ಗಳನ್ನು ಡಿಪಿಎಪಿಐ ಅನ್ನುವ ವ್ಯವಸ್ಥೆ ಬೀಗ ಹಾಕಿ ಇಡುತ್ತದೆ. ಆ ಬೀಗದ ಕೀಲಿಗೆ ಮತ್ತೊಂದು ಬೀಗ, ಅದು ತೆರೆಯುವುದು ನಿಮ್ಮ ಲಾಗಿನ್ ಪಾಸ್‌ವರ್ಡಿನಿಂದ. ನೀವೇ ಹಳೆಯ ಪಾಸ್‌ವರ್ಡ್ ಕೊಟ್ಟು ಹೊಸದಕ್ಕೆ ಬದಲಾಯಿಸಿದರೆ ವಿಂಡೋಸ್ ಕೀಲಿಯನ್ನು ಹೊಸ ಪಾಸ್‌ವರ್ಡಿಗೆ ಹೊಂದಿಸಿಕೊಳ್ಳುತ್ತದೆ. ಲೋಕಲ್ ಅಕೌಂಟ್‌ನಲ್ಲಿ ‘ಪಾಸ್‌ವರ್ಡ್ ಮರೆತುಹೋಯ್ತು’ ಅಂತ ಸರ್ವಿಸ್‌ನವರು ಅಡ್ಮಿನ್ ಕಡೆಯಿಂದ ರೀಸೆಟ್ ಮಾಡಿದರೆ ಹಳೆಯ ಕೀಲಿ ಸಿಗುವುದಿಲ್ಲ. ಹಳೆಯದೆಲ್ಲ ಒಳಗೇ ಉಳಿಯುತ್ತದೆ. ರೀಸೆಟ್ ಮಾಡುವಾಗ ವಿಂಡೋಸ್ ಎಚ್ಚರಿಕೆಯನ್ನೂ ತೋರಿಸುತ್ತದೆ. ಅದನ್ನು ಓದುವವರು ಯಾರು?

ನಮ್ಮ ಪ್ರಕರಣ ಇದಲ್ಲ ಅನ್ನುವುದಕ್ಕೆ ಒಂದು ಸುಲಭ ಗುರುತಿತ್ತು. ಈ ಹುಡುಗಿಯ ಕ್ರೋಮ್‌ನಲ್ಲಿ ಜಿಎಸ್‌ಟಿ ಪೋರ್ಟಲ್ ಪಾಸ್‌ವರ್ಡ್‌ಗಳೆಲ್ಲ ಹಾಗೇ ಇದ್ದವು. ವಿಂಡೋಸ್‌ನಲ್ಲಿ ಕ್ರೋಮ್ ಕೂಡ ತನ್ನ ಪಾಸ್‌ವರ್ಡ್‌ಗಳಿಗೆ ಬೀಗ ಹಾಕುವುದು ಅದೇ ಡಿಪಿಎಪಿಐ ನೆಚ್ಚಿಕೊಂಡು. ಬೀಗ ಕೆಟ್ಟಿದ್ದರೆ ಅಲ್ಲೂ ರಂಪ ಆಗಬೇಕಿತ್ತು. ‘ವೈಫೈ ಪಾಸ್‌ವರ್ಡ್ ನೆನಪಿಟ್ಟುಕೊಂಡಿದೆಯಲ್ಲ’ ಅನ್ನುವುದನ್ನು ಮಾತ್ರ ಸಾಕ್ಷಿಯಾಗಿ ತೆಗೆದುಕೊಳ್ಳಬೇಡಿ. ವೈಫೈ ಪಾಸ್‌ವರ್ಡ್ ಸಾಮಾನ್ಯವಾಗಿ ಇಡೀ ಕಂಪ್ಯೂಟರಿಗೆ ಸೇರಿದ್ದಾಗಿ ಬೇರೆ ಕಡೆ ಇರುತ್ತದೆ. ಬಳಕೆದಾರನ ಕೀಲಿ ಕಳೆದರೂ ಅದಕ್ಕೆ ಬಿಸಿ ತಟ್ಟುವುದಿಲ್ಲ.

ಎದುರಿಗೇ ಕೂತವರಿಗೆ ‘ಸೆಶನ್ ಇಲ್ಲ’

ಕೈಯಿಂದಲೇ ಸೇರಿಸಿ ನೋಡೋಣ ಅಂತ ‘ಆಡ್ ಎ ವಿಂಡೋಸ್ ಕ್ರೆಡೆನ್ಶಿಯಲ್’ ಒತ್ತಿದೆವು. ಸರ್ವರ್ ಹೆಸರು, ಬಳಕೆದಾರ, ಪಾಸ್‌ವರ್ಡ್. ಓಕೆ ಒತ್ತಿದ ಕೂಡಲೇ ಎರರ್ ಬಂತು. ಕ್ರೆಡೆನ್ಶಿಯಲ್ ಉಳಿಸಲು ಆಗಲಿಲ್ಲ, ಕಂಪ್ಯೂಟರ್‌ನ ಸೆಟ್ಟಿಂಗ್ ನೋಡಿ ಅನ್ನುವ ಅರ್ಥದ ಒಂದು ಸಾಲು. ಕೆಳಗೆ ಎರರ್ ಕೋಡ್ 0ಎಕ್ಸ್80070520. ಅದರ ಕೆಳಗೆ: ನೀವು ಹೇಳುತ್ತಿರುವ ಲಾಗಿನ್ ಸೆಶನ್ ಅಸ್ತಿತ್ವದಲ್ಲಿಲ್ಲ, ಅದು ಆಗಲೇ ಮುಗಿದಿರಬಹುದು.

ಬೆಳಿಗ್ಗೆಯಿಂದ ಲಾಗಿನ್ ಆಗಿ ಎದುರಿಗೇ ಕೂತಿದ್ದಾರೆ ಪಾಪ. ಅವರ ಮುಖಕ್ಕೇ ‘ನೀವು ಇಲ್ಲ’ ಅನ್ನುತ್ತದೆ!

ಈ ಮಾತನ್ನು ನಂಬಿ ಹೋದವರು ಲಾಗ್ ಔಟ್ ಮಾಡುತ್ತಾರೆ, ಹೊಸ ಅಕೌಂಟ್ ಮಾಡುತ್ತಾರೆ, ಪ್ರೊಫೈಲ್ ಅಳಿಸುತ್ತಾರೆ. ಅದಕ್ಕೇ ಕೋಡನ್ನು ಬಿಡಿಸಿ ನೋಡುವ ಅಭ್ಯಾಸ ಒಳ್ಳೆಯದು. ಮೊದಲಿನ 8007 ಅಂದರೆ ಇದು ವಿಂಡೋಸ್‌ನ ಹಳೆಯ ಎರರ್ ಪಟ್ಟಿಗೆ ಸೇರಿದ್ದು ಅಂತ. ಕೊನೆಯ 0520 ಹೆಕ್ಸ್ ಸಂಖ್ಯೆ, ದಶಮಾನದಲ್ಲಿ 1312. ಆ ಪಟ್ಟಿಯಲ್ಲಿ 1312ರ ವಿವರಣೆಯೇ ‘ಲಾಗಿನ್ ಸೆಶನ್ ಇಲ್ಲ’. ವಿಂಡೋಸ್ ಒಳಗಡೆ ಕ್ರೆಡೆನ್ಶಿಯಲ್ ಇಡುವ ಸವಲತ್ತು ಲಾಗಿನ್ ಸೆಶನ್ ಜತೆ ಬರುತ್ತದೆ. ಆ ಸವಲತ್ತನ್ನು ಯಾರಾದರೂ ನಿಯಮ ಹಾಕಿ ಮುಚ್ಚಿದ್ದರೆ ‘ನಿಷೇಧಿಸಲಾಗಿದೆ’ ಅಂತ ಹೇಳುವ ಬದಲು ಇದೇ ಹಳೆಯ ಸಂಖ್ಯೆಯನ್ನು ಎತ್ತಿ ಕೊಡುತ್ತದೆ. ಮೈಕ್ರೋಸಾಫ್ಟ್‌ನವರು ಇಷ್ಟು ವರ್ಷಗಳಲ್ಲಿ ಆ ಒಂದು ವಾಕ್ಯವನ್ನಾದರೂ ತಿದ್ದಬಹುದಿತ್ತು ಅಂತ ನನ್ನ ದೂರು.

ಕ್ರೆಡೆನ್ಶಿಯಲ್ ಮ್ಯಾನೇಜರ್ ಸರ್ವಿಸ್ ಓಡುತ್ತಿದೆಯಾ ಅಂತ ಒಮ್ಮೆ ನೋಡಿದೆ. ಓಡುತ್ತಿತ್ತು. ಅದರ ಸ್ಟಾರ್ಟ್‌ಅಪ್ ಬಗೆ ‘ಮ್ಯಾನ್ಯುಯಲ್’ ಅಂತ ಇರುವುದು ಸಹಜವೇ, ಅದನ್ನು ನೋಡಿ ತಪ್ಪು ಸಿಕ್ಕಿತು ಅಂದುಕೊಳ್ಳಬಾರದು.

ಆಮೇಲೆ ಲೋಕಲ್ ಸೆಕ್ಯುರಿಟಿ ಪಾಲಿಸಿ. ಸ್ಟಾರ್ಟ್‌ನಲ್ಲಿ ‘ಸೆಕ್‌ಪೋಲ್’ ಅಂತ ಟೈಪ್ ಮಾಡಿದರೆ ಸಿಗುತ್ತದೆ. ಲೋಕಲ್ ಪಾಲಿಸೀಸ್, ಅದರೊಳಗೆ ಸೆಕ್ಯುರಿಟಿ ಆಪ್ಷನ್ಸ್. ಉದ್ದನೆಯ ಪಟ್ಟಿಯಲ್ಲಿ ‘ನೆಟ್‌ವರ್ಕ್ ಆಕ್ಸೆಸ್’ ಅಂತ ಶುರುವಾಗುವ ಸಾಲುಗಳ ನಡುವೆ ಇದು ಇತ್ತು: ‘ಡು ನಾಟ್ ಅಲೋ ಸ್ಟೋರೇಜ್ ಆಫ್ ಪಾಸ್‌ವರ್ಡ್ಸ್ ಅಂಡ್ ಕ್ರೆಡೆನ್ಶಿಯಲ್ಸ್ ಫಾರ್ ನೆಟ್‌ವರ್ಕ್ ಆಥೆಂಟಿಕೇಶನ್’. ಅದರ ಎದುರು ‘ಎನೇಬಲ್ಡ್’. ಮಾಮೂಲಿಯಾಗಿ ಇದು ‘ಡಿಸೇಬಲ್ಡ್’ ಇರಬೇಕು. ಇಲ್ಲಿ ಎನೇಬಲ್ ಅಂದರೆ ‘ಉಳಿಸಬೇಡ ಅನ್ನುವುದು ಜಾರಿಯಲ್ಲಿದೆ’ ಅಂತ. ಎರಡು ಸಲ ಓದಿಕೊಳ್ಳದಿದ್ದರೆ ಉಲ್ಟಾ ಮಾಡಿಬಿಡುವ ಸಾಧ್ಯತೆ ಜಾಸ್ತಿ.

ವಿಂಡೋಸ್ ಹೋಮ್ ಇದ್ದವರಿಗೆ ಈ ಕಿಟಕಿ ಸಿಗುವುದಿಲ್ಲ. ಅವರು ರಿಜಿಸ್ಟ್ರಿಯಲ್ಲಿ ನೋಡಬೇಕು: ಎಚ್‌ಕೀ ಲೋಕಲ್ ಮಷೀನ್, ಸಿಸ್ಟಮ್, ಕರೆಂಟ್ ಕಂಟ್ರೋಲ್ ಸೆಟ್, ಕಂಟ್ರೋಲ್, ಎಲ್‌ಎಸ್‌ಎ. ಅಲ್ಲಿ ‘ಡಿಸೇಬಲ್ ಡೊಮೈನ್ ಕ್ರೆಡ್ಸ್’ ಅನ್ನುವ ಮೌಲ್ಯ 1 ಆಗಿದ್ದರೆ ಉಳಿಸುವುದಕ್ಕೆ ತಡೆ, 0 ಆಗಿದ್ದರೆ ತಡೆ ಇಲ್ಲ. ಹೆಸರಿನಲ್ಲಿ ‘ಡೊಮೈನ್’ (ಎಲ್ಲ ಕಂಪ್ಯೂಟರ್‌ಗಳ ಲಾಗಿನ್ ಒಂದೇ ಕಡೆಯಿಂದ ನಡೆಸುವ ವ್ಯವಸ್ಥೆ) ಇರುವುದರಿಂದ ‘ನಮ್ಮದು ಡೊಮೈನ್ ಅಲ್ಲವಲ್ಲ, ಸಣ್ಣ ವರ್ಕ್‌ಗ್ರೂಪ್’ ಅಂತ ಮುಂದೆ ಹೋಗಬೇಡಿ. ಫೋಲ್ಡರ್ ಶೇರಿಂಗ್‌ಗೆ ಉಳಿಸುವ ಪಾಸ್‌ವರ್ಡನ್ನು ವಿಂಡೋಸ್ ಒಳಗೆ ‘ಡೊಮೈನ್ ಪಾಸ್‌ವರ್ಡ್’ ಅಂತಲೇ ವಿಂಗಡಿಸುತ್ತದೆ, ಡೊಮೈನ್ ಇರಲಿ ಬಿಡಲಿ. ಜೆನೆರಿಕ್ ಎಂಟ್ರಿಗಳು ಉಳಿದು ಮೇಲಿನ ಭಾಗ ಮಾತ್ರ ಖಾಲಿ ಇದ್ದದ್ದು ಇದೇ ಕಾರಣಕ್ಕೆ.

ಹಾಗಾದರೆ ಕಂಪ್ಯೂಟರ್ ಕೆಟ್ಟಿರಲಿಲ್ಲ. ಮರೆಯಬೇಕು ಅಂತ ಯಾರೋ ಅದಕ್ಕೆ ಹೇಳಿದ್ದರು.

ಹೇಳಿದ್ದು ಯಾರು?

ಇದನ್ನು ತಿಳಿಯದೆ ಸೆಟ್ಟಿಂಗ್ ಬದಲಾಯಿಸುವುದು ಸರಿ ಅಲ್ಲ. ಈ ಪಾಲಿಸಿ ತಾನಾಗಿ ಎನೇಬಲ್ ಆಗುವುದಿಲ್ಲ. ಆಫೀಸಿನಲ್ಲಿ ವಿಚಾರಿಸಿದಾಗ ಕಥೆ ಬಿಚ್ಚಿಕೊಂಡಿತು. ಅವರ ಕ್ಲೈಂಟ್ ಕಡೆಯಿಂದ ಒಂದು ಸೆಕ್ಯುರಿಟಿ ಚೆಕ್‌ಲಿಸ್ಟ್ ಬಂದಿತ್ತು. ನಮ್ಮ ಲೆಕ್ಕ ನೋಡುವ ಕಂಪ್ಯೂಟರ್‌ನಲ್ಲಿ ಡಿಸ್ಕ್ ಎನ್‌ಕ್ರಿಪ್ಷನ್ ಇದೆಯಾ, ಆಂಟಿವೈರಸ್ ಇದೆಯಾ, ಸ್ಕ್ರೀನ್ ತಾನಾಗಿ ಲಾಕ್ ಆಗುತ್ತದೆಯಾ, ಈ ತರಹದ ಪ್ರಶ್ನೆಗಳು. ಹೊಸ ಕಂಪ್ಯೂಟರ್ ಕೊಡುವಾಗಲೇ ಇದನ್ನೆಲ್ಲ ಮಾಡಿಕೊಡಿ ಅಂತ ಮಾರಿದವರಿಗೆ ಹೇಳಿದ್ದರು. ಅವರು ಒಂದು ‘ಹಾರ್ಡನಿಂಗ್’ ಸ್ಕ್ರಿಪ್ಟ್, ಅಂದರೆ ಭದ್ರತೆಯ ಸೆಟ್ಟಿಂಗ್‌ಗಳನ್ನು ಒಟ್ಟಿಗೆ ಬಿಗಿ ಮಾಡುವ ಪ್ರೋಗ್ರಾಂ, ಓಡಿಸಿ ಕೊಟ್ಟಿದ್ದರು. ಫೋನ್ ಮಾಡಿದರೆ ಪ್ರಾಮಾಣಿಕವಾಗಿಯೇ ಹೇಳಿದರು: “ಅದ್ರಲ್ಲಿ ಏನೇನಿದೆ ಪೂರ್ತಿ ನೋಡಿಲ್ಲ ಸರ್. ಸಿಐಎಸ್ ಪ್ರಕಾರ ಎಲ್ಲಾ ಟೈಟ್ ಮಾಡುತ್ತೆ.”

ಸಿಐಎಸ್ ಅಂದರೆ ಸೆಂಟರ್ ಫಾರ್ ಇಂಟರ್ನೆಟ್ ಸೆಕ್ಯುರಿಟಿ. ಯಾವ ಸಾಫ್ಟ್‌ವೇರನ್ನು ಹೇಗೆ ಬಿಗಿ ಮಾಡಬೇಕು ಅಂತ ಬೆಂಚ್‌ಮಾರ್ಕ್‌ಗಳನ್ನು ಕೊಡುವ ಅಮೆರಿಕದ ಸಂಸ್ಥೆ. ವಿಂಡೋಸ್‌ನ ಬೆಂಚ್‌ಮಾರ್ಕ್‌ನಲ್ಲಿ ಈ ಪಾಲಿಸಿ ಇರುವುದು ನಿಜ. ಆದರೆ ಆ ಪಟ್ಟಿಯ ಪ್ರತಿ ಸಾಲೂ ತಮ್ಮ ಆಫೀಸಿಗೆ ಒಗ್ಗುತ್ತದೆಯಾ ಅಂತ ನೋಡಿ ಹಾಕಬೇಕು.    ಸ್ಕ್ರಿಪ್ಟ್ ಎಲ್ಲವನ್ನೂ ಒಟ್ಟಿಗೆ ಜಡಿದಿತ್ತು.

ನಿಯಮ ದಡ್ಡತನದ್ದಲ್ಲ. ಉಳಿಸಿಟ್ಟ ಪಾಸ್‌ವರ್ಡನ್ನು ನೀವು ಲಾಗಿನ್ ಆಗಿರುವಾಗ ನಿಮ್ಮ ಹೆಸರಿನಲ್ಲಿ ಓಡುವ ಪ್ರೋಗ್ರಾಂ ಬಿಚ್ಚಬಲ್ಲದು. ಅದು ಕಳ್ಳ ಪ್ರೋಗ್ರಾಂ ಆದರೂ ಅಷ್ಟೇ. ಫ್ರಾನ್ಸ್‌ನ ಬೆಂಜಮಿನ್ ಡೆಲ್ಪಿ 2011ರಲ್ಲಿ ಹೊರತಂದ ಮಿಮಿಕ್ಯಾಟ್ಜ್ ಅನ್ನುವ ಸಾಧನ ವಿಂಡೋಸ್‌ನೊಳಗಿನ ಪಾಸ್‌ವರ್ಡ್‌ಗಳನ್ನು ಹೀಗೆ ಹೊರತೆಗೆದು ತೋರಿಸಿಯೇ ಪ್ರಸಿದ್ಧವಾಯಿತು. ಸಾವಿರಾರು ಕಂಪ್ಯೂಟರ್‌ಗಳ ದೊಡ್ಡ ಕಂಪನಿಯಲ್ಲಿ, ಎಲ್ಲರೂ ಡೊಮೈನ್‌ಗೆ ಲಾಗಿನ್ ಆಗುವ ಕಡೆ, ಪಾಸ್‌ವರ್ಡ್ ಉಳಿಸುವ ಅಗತ್ಯವೇ ಅಷ್ಟಾಗಿ ಬರುವುದಿಲ್ಲ. ಅಲ್ಲಿ ಈ ತಡೆ ಹಾಕಿದರೆ ನಷ್ಟ ಕಡಿಮೆ. ಡೊಮೈನ್ ಇಲ್ಲದ ನಾಲ್ಕು ಕಂಪ್ಯೂಟರ್‌ಗಳ ಆಫೀಸಿನಲ್ಲಿ ಅದೇ ತಡೆ ಪಾಸ್‌ವರ್ಡನ್ನು ಬೀಗ ಹಾಕಿದ ಜಾಗದಿಂದ ತೆಗೆದು ಹಳದಿ ಚೀಟಿಗೂ, ನೋಟ್‌ಪ್ಯಾಡ್‌ನಲ್ಲಿ ತೆರೆಯುವ ಬ್ಯಾಚ್ ಫೈಲಿಗೂ ಹಾಕಿತ್ತು.

ಆಡಿಟರ್ ಸರ್ ಚೆಕ್‌ಲಿಸ್ಟ್ ಫೈಲ್ ತರಿಸಿ ಸಾಲು ಸಾಲಾಗಿ ಓದಿದರು. ಅವರ ವೃತ್ತಿಯೇ ಅದು ತಾನೇ. ಪಾಸ್‌ವರ್ಡ್ ಉಳಿಸಬಾರದು ಅಂತ ಅದರಲ್ಲಿ ಎಲ್ಲೂ ಇರಲಿಲ್ಲ. “ಹಾಗಿದ್ರೆ ತೆಗೀರಿ” ಅಂದರು. ಸ್ಕ್ರಿಪ್ಟ್ ಹಾಕಿದ್ದ ಬೇರೆ ಯಾವುದನ್ನೂ ಮುಟ್ಟಲಿಲ್ಲ. ಈ ಒಂದು ಪಾಲಿಸಿಯನ್ನು ಡಿಸೇಬಲ್ಡ್ ಮಾಡಿ ರೀಸ್ಟಾರ್ಟ್ ಮಾಡಿದೆವು. ರೀಸ್ಟಾರ್ಟ್ ಮಾಡದೆ ಪರೀಕ್ಷೆ ಮಾಡಬೇಡಿ, ಈ ಪಾಲಿಸಿ ಜಾರಿಗೆ ಬರಲು ಅದು ಬೇಕು.

ಉಳಿಯಿತು, ಆದರೂ ಕೇಳಿತು

ಈ ಸಲ ಎಂಟ್ರಿ ಉಳಿಯಿತು. ಝಡ್ ಕೂಡ ಕೇಳದೆ ತೆರೆಯಿತು. ಆದರೆ ಡೆಸ್ಕ್‌ಟಾಪ್ ಮೇಲಿದ್ದ ಇನ್ನೊಂದು ಶಾರ್ಟ್‌ಕಟ್, ಸ್ಕ್ಯಾನ್ ಮಾಡಿದ ಬಿಲ್‌ಗಳ ಫೋಲ್ಡರಿನದು, ಮತ್ತೆ ಪಾಸ್‌ವರ್ಡ್ ಕಿಟಕಿ ತೋರಿಸಿತು. ಹುಡುಗಿಯ ಮುಖ ಸಪ್ಪಗಾಯಿತು. ಇದು ಮೂರನೆಯ ಕಾಯಿಲೆ: ಉಳಿಸಿದ್ದನ್ನು ಬಳಸುತ್ತಿಲ್ಲ.

ಶಾರ್ಟ್‌ಕಟ್‌ನ ಪ್ರಾಪರ್ಟೀಸ್ ತೆರೆದರೆ ದಾರಿಯಲ್ಲಿ ಸರ್ವರ್ ಹೆಸರಿನ ಬದಲು ಅದರ ಐಪಿ ಅಡ್ರೆಸ್, ಅಂದರೆ ನೆಟ್‌ವರ್ಕ್‌ನಲ್ಲಿ ಅದಕ್ಕಿರುವ ಸಂಖ್ಯೆ. ನಮಗೆ ಎರಡೂ ಒಂದೇ ಕಂಪ್ಯೂಟರ್. ಕ್ರೆಡೆನ್ಶಿಯಲ್ ಮ್ಯಾನೇಜರ್‌ಗೆ ಹಾಗಲ್ಲ. ಅದು ಯಾವ ಹೆಸರಿಗೆ ಪಾಸ್‌ವರ್ಡ್ ಉಳಿಸಿದೆಯೋ ಅದೇ ಹೆಸರಿನಿಂದ ಕರೆದರೆ ಮಾತ್ರ ಕೊಡುತ್ತದೆ. ಹೆಸರಿಗೆ ಒಂದು, ಐಪಿಗೆ ಒಂದು ಅಂತ ಎರಡು ಎಂಟ್ರಿ ಹಾಕಬಹುದು. ನನಗೆ ಅದು ಇಷ್ಟವಿಲ್ಲ. ರೌಟರ್ ಆಫ್ ಆಗಿ ಬಂದಾಗ ಐಪಿ ಬದಲಾದರೆ ಮತ್ತೆ ಹುಡುಕಾಟ. ಶಾರ್ಟ್‌ಕಟ್‌ಗಳನ್ನೆಲ್ಲ ಸರ್ವರ್ ಹೆಸರಿಗೆ ತಂದೆವು.

ಬಳಕೆದಾರನ ಹೆಸರು ಹಾಕುವಾಗಲೂ ಒಂದು ಎಚ್ಚರ ಬೇಕು. ಬರೀ ‘ಆಫೀಸ್’ ಅಂತ ಹಾಕಿದರೆ ಅದು ಯಾವ ಕಂಪ್ಯೂಟರಿನ ‘ಆಫೀಸ್’ ಅನ್ನುವ ಗೊಂದಲ ಆಗಬಹುದು. ಸರ್ವರ್ ಹೆಸರು, ಬ್ಯಾಕ್‌ಸ್ಲ್ಯಾಶ್, ಆಮೇಲೆ ಬಳಕೆದಾರ, ಹೀಗೆ ಪೂರ್ತಿ ಬರೆದರೆ ಗೊಂದಲವಿಲ್ಲ. ಪ್ರಯೋಗ ಮಾಡುತ್ತಾ ಒಂದೇ ಸರ್ವರ್‌ಗೆ ಎರಡು ಬೇರೆ ಹೆಸರಿನಿಂದ ಹೋದರೆ ಎರರ್ 1219 ಬರುತ್ತದೆ. ಒಂದೇ ಸರ್ವರ್‌ಗೆ ಒಬ್ಬನೇ ಎರಡು ವೇಷದಲ್ಲಿ ಬರುವಂತಿಲ್ಲ ಅಂತ ಅದರ ತಾತ್ಪರ್ಯ. ‘ನೆಟ್ ಯೂಸ್’ನಿಂದ ಹಳೆಯ ಸಂಪರ್ಕಗಳನ್ನು ಕಡಿದು ಮುಂದುವರಿದರೆ ಆಯಿತು.

ಇಷ್ಟಾದ ಮೇಲೆ ಒಂದು ಕೆಲಸ ಬಾಕಿ ಇತ್ತು. ಆ ಪಾಸ್‌ವರ್ಡ್ ಚೀಟಿಯಲ್ಲಿ ಇಷ್ಟು ದಿನ ಊರಿಗೆಲ್ಲ ಕಾಣುತ್ತಿತ್ತು, ಬದಲಾಯಿಸಲೇಬೇಕು. ಇನ್ನೂ ಕೆಟ್ಟದ್ದೆಂದರೆ ಸರ್ವರ್‌ನಲ್ಲಿ ‘ಆಫೀಸ್’ ಅಕೌಂಟ್ ಅಡ್ಮಿನಿಸ್ಟ್ರೇಟರ್ ಆಗಿತ್ತು. ಫೋಲ್ಡರ್ ನೋಡಲಿಕ್ಕೆ ಇಡೀ ಮನೆಯ ಬೀಗದ ಕೈ ಕೊಟ್ಟ ಹಾಗೆ. ಅದಕ್ಕೆ ಸರ್ವರ್‌ನಲ್ಲಿ ‘ಲೆಕ್ಕ’ ಅನ್ನುವ ಹೊಸ ಸಾಮಾನ್ಯ ಅಕೌಂಟ್ ಮಾಡಿ, ಟ್ಯಾಲಿ ಮತ್ತು ಬಿಲ್‌ಗಳ ಫೋಲ್ಡರ್‌ಗಳಿಗೆ ಮಾತ್ರ ಹಕ್ಕು ಕೊಟ್ಟೆವು. ಮೂರೂ ಕಂಪ್ಯೂಟರ್‌ಗಳಲ್ಲಿ ಅದನ್ನೇ ಉಳಿಸಿದೆವು. ಈಗ ಆ ಪಾಸ್‌ವರ್ಡ್ ಯಾರ ಕೈಗಾದರೂ ಸಿಕ್ಕಿದರೂ ಸರ್ವರ್ ಪೂರ್ತಿ ಅವರ ಕೈಗೆ ಹೋಗುವುದಿಲ್ಲ.

‘ಆಫೀಸ್’ ಪಾಸ್‌ವರ್ಡ್ ಬದಲಾಯಿಸುವ ಮೊದಲು, ಹಳೆಯ ಎಂಟ್ರಿ ಇದ್ದ ಕಂಪ್ಯೂಟರ್‌ನಲ್ಲಿ ಅದನ್ನು ಹುಡುಕಿ ಅಳಿಸಿದೆವು. ಈ ಅನುಕ್ರಮ ಮುಖ್ಯ. ವಿಂಡೋಸ್ 11ರ 22ಎಚ್2 ಆವೃತ್ತಿಯಿಂದ ಈಚೆಗೆ ಹೊಸದಾಗಿ ಹಾಕಿದ ಕಂಪ್ಯೂಟರ್‌ಗಳಲ್ಲಿ 10 ಸಲ ತಪ್ಪು ಪಾಸ್‌ವರ್ಡ್ ಬಂದರೆ ಅಕೌಂಟ್ 10 ನಿಮಿಷ ಲಾಕ್ ಆಗುತ್ತದೆ. ಉಳಿದುಕೊಂಡ ಹಳೆಯ ಎಂಟ್ರಿ ಯಾರಿಗೂ ಕಾಣದಂತೆ ಹಳೆಯ ಪಾಸ್‌ವರ್ಡಿನಿಂದ ಬಾಗಿಲು ಬಡಿಯುತ್ತಲೇ ಇರುತ್ತದೆ. ಆಗ ಲಾಕ್ ಆಗುವುದು ಸರ್ವರ್ ಮುಂದೆ ಅದೇ ‘ಆಫೀಸ್’ ಹೆಸರಿನಲ್ಲಿ ಕೂತಿರುವ ಅಕೌಂಟೆಂಟರ ಲಾಗಿನ್. ಊಟ ಮುಗಿಸಿ ಬಂದು ಸರಿಯಾದ ಪಾಸ್‌ವರ್ಡ್ ಹಾಕಿದರೂ ಅವರಿಗೆ ಒಳಗೆ ಬಿಡುವುದಿಲ್ಲ. ಕಾರಣ ಪಕ್ಕದ ಟೇಬಲ್‌ನಲ್ಲಿದೆ ಅಂತ ಅವರಿಗೆ ಹೊಳೆಯುವುದಾದರೂ ಹೇಗೆ?

ಬ್ಯಾಚ್ ಫೈಲ್ ಅಳಿಸಿದೆವು, ರೀಸೈಕಲ್ ಬಿನ್‌ನಿಂದಲೂ. ಚೀಟಿಯನ್ನು ಹುಡುಗಿಯೇ ಕಿತ್ತು ಚೂರು ಮಾಡಿದರು. ಆಡಿಟರ್ ಸರ್ ಚೆಕ್‌ಲಿಸ್ಟ್ ಫೈಲಿನ ಕೊನೆಯ ಪುಟದಲ್ಲಿ ಯಾವ ಪಾಲಿಸಿ ಬದಲಾಯಿಸಿದ್ದು, ಏಕೆ, ಯಾವ ತಾರೀಖು ಅಂತ ಬರೆದು ಸಹಿ ಹಾಕಿದರು. ಕಂಪ್ಯೂಟರ್ ಮಾರಿದವರಿಗೆ ಫೋನಿನಲ್ಲಿ ಹೇಳಿದ್ದು ಇಷ್ಟೇ: “ಮುಂದಿನ ಕಂಪ್ಯೂಟರ್‌ಗೆ ಎಲ್ಲಾ ಒಟ್ಟಿಗೆ ಜಡೀಬೇಡ್ರಿ. ಓಡಿಸೋ ಮೊದಲು ಪಟ್ಟಿ ನನಗೊಂದು ಕಳಿಸ್ರಿ.”